ಗೋಡೆಗೆ ಬಂದ ಬೀದಿ

ನಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಹಳ್ಳಿ ಇದೆ. ಉದ್ದ ನಾಲ್ಕಡಿ, ಎತ್ತರ ಮೂರಡಿ, ಜನಸಂಖ್ಯೆ ಸೊನ್ನೆ. ಒಂದು ಮಣ್ಣಿನ ಬೀದಿ, ಅದರ ಎರಡೂ ಕಡೆ ಹೆಂಚಿನ ಮನೆಗಳು, ಒಂದು ಮರ, ಮರದ ನೆರಳೇ ಇರಬೇಕೆಂದು ನಾವು ಊಹಿಸಿಕೊಂಡಿರುವ ಒಂದಷ್ಟು ನೇರಳೆ ಬಣ್ಣ. ಬೀದಿ ದೂರದಲ್ಲೆಲ್ಲೋ ಎಳೆಯಾಗಿ ಹುಟ್ಟಿ, ಬರುತ್ತ ಬರುತ್ತ ಅಗಲವಾಗಿ, ನೇರ ನಮ್ಮ ಎದುರುಗೋಡೆಯ ಕಿಟಕಿಗೇ ಮುಖ ಮಾಡಿ ನಿಂತಿದೆ. ಮನೆಗೆ ಬಂದವರೆಲ್ಲ ಅದರ ಮುಂದೆ ನಿಂತು, ತಲೆಯನ್ನು ಒಂದು ಕಡೆಗೆ ವಾಲಿಸಿ, "ಎಷ್ಟು ಪ್ರಶಾಂತವಾಗಿದೆ ಅಲ್ವಾ" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಆ ಚಿತ್ರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅದನ್ನು ತಂದವರು ನಮ್ಮ ಯಜಮಾನರು, ಶ್ರೀಕಂಠ. ನಿವೃತ್ತರಾದ ಮೇಲೆ ಗಂಡಸರಿಗೆ ಏನಾದರೊಂದು ಹಿಡಿದುಕೊಳ್ಳುತ್ತದೆ. ಕೆಲವರಿಗೆ ವಾಕಿಂಗ್ ಹಿಡಿಯುತ್ತದೆ, ಕೆಲವರಿಗೆ ಸಹಸ್ರನಾಮ, ಇನ್ನು ಕೆಲವರಿಗೆ ಅಡುಗೆಮನೆಗೆ ಬಂದು ಕುಕ್ಕರ್ ಎಷ್ಟು ಸಲ ಕೂಗಬೇಕೆಂದು ಹೆಂಡತಿಗೆ ಕಲಿಸಿಕೊಡುವುದು. ಕೆಲಸವಿಲ್ಲದ ಬಡಗಿಯ ಗಾದೆ ನಿಮಗೂ ಗೊತ್ತಿದೆ, ಪೂರ್ತಿ ಹೇಳುವುದು ಮರ್ಯಾದೆಯಲ್ಲ. ನಮ್ಮವರಿಗೆ ಹಳ್ಳಿ ಹಿಡಿಯಿತು. ಮೂರು ವರ್ಷದ ಮಗುವಾಗಿದ್ದಾಗ ಲಾರಿಯಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತು ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದವರು ಇವರು. ಬಸವನಗುಡಿಯಲ್ಲಿ ಓದಿ, ಜಯನಗರದಲ್ಲಿ ಮದುವೆಯಾಗಿ, ಬನಶಂಕರಿಯಲ್ಲಿ ಮನೆ ಕಟ್ಟಿದವರು. ಹಸುವಿನ ಹಾಲು ಯಾವುದು, ಎಮ್ಮೆಯ ಹಾಲು ಯಾವುದು ಎಂಬುದನ್ನು ಪ್ಯಾಕೆಟ್ಟಿನ ಬಣ್ಣ ನೋಡಿ ಹೇಳುವವರು. ಅಂಥವರು ಒಂದು ದಿನ ಇದ್ದಕ್ಕಿದ್ದ ಹಾಗೆ ಇಡ್ಲಿ ಮುರಿಯುತ್ತ, "ನಮ್ಮೂರಲ್ಲಿ ಒಂದು ನೆಮ್ಮದಿ ಇತ್ತು ಕಣೇ" ಎಂದರು. ನಾನು ಚಟ್ನಿ ಬಡಿಸಿದೆ.

ಈ ಕಾಯಿಲೆ ಇವರೊಬ್ಬರದೇ ಅಲ್ಲ ಎಂದು ಗೊತ್ತಾಗಿದ್ದು ಜೆ.ಪಿ. ನಗರದ ಒಂದು ಹೋಟೆಲಿಗೆ ಹೋದಾಗ. ಕೆಳಗೆ ಕಾಫಿ, ಮಹಡಿಯ ಮೇಲೆ ಚಿತ್ರಗಳ ಮಾರಾಟ. ಬಾಗಿಲಲ್ಲಿ ಒಂದು ಎತ್ತಿನಗಾಡಿ, ಹುಟ್ಟಿದಂದಿನಿಂದ ಎತ್ತಿನ ಮುಖ ಕಂಡಿಲ್ಲ. ಲಾಟೀನಿನೊಳಗೆ ಎಲ್‌ಇಡಿ ಬಲ್ಬು. ಗೋಡೆಗಳಿಗೆ ಸಗಣಿ ಸಾರಿಸಿದ ಹಾಗೆ ಕಾಣುವ ಬಣ್ಣ, ಸಗಣಿಗಿಂತ ದುಬಾರಿಯದು. ಮೊರ, ಒನಕೆ, ಕಡಗೋಲು ಎಲ್ಲವೂ ಗೋಡೆಗೆ ತಗುಲಿಕೊಂಡಿದ್ದವು. ನಮ್ಮ ಅಜ್ಜಿಯರ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿದ ಸಾಮಾನುಗಳೆಲ್ಲ ಅಲ್ಲಿ ಅಲಂಕಾರಕ್ಕೆ ನೇತಾಡುತ್ತಿದ್ದವು. ಜನ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬರಾದರೂ ಒನಕೆಯನ್ನು ಎತ್ತಿ ನೋಡಿದರೆ ಎಂದು ಕಾದೆ, ಯಾರೂ ಎತ್ತಲಿಲ್ಲ.

ಮಹಡಿಯ ಮೇಲೆ ಈ ಬೀದಿ ಇತ್ತು. ನಾನು ಹತ್ತಿರ ಹೋಗಿ ಕನ್ನಡಕ ಸರಿ ಮಾಡಿಕೊಂಡು ನೋಡಿದೆ. ಬಣ್ಣದ ಮುದ್ದೆಗಳು. ಕಾವಿ ಮುದ್ದೆ ಒಂದು ಮನೆಯಂತೆ, ಹಸಿರು ಮುದ್ದೆ ಮರವಂತೆ. ಮಾರುವವನು ಗಡ್ಡ ಬಿಟ್ಟಿದ್ದ ಸೌಮ್ಯ ಮನುಷ್ಯ, ಓಡಿ ಬಂದ.

"ಹತ್ರದಿಂದ ನೋಡ್ಬೇಡಿ ಮೇಡಂ. ಇದು ಇಂಪ್ರೆಷನಿಸ್ಟ್ ಸ್ಟೈಲು. ಒಂದು ಹತ್ತಡಿ ಹಿಂದೆ ಹೋಗಿ, ಬೀದಿ ತಾನಾಗೇ ಬರತ್ತೆ."

ಹಿಂದೆ ಹೋದೆ. ಬೀದಿ ಬಂತು. ಅದೇ ತಪ್ಪಾಗಿದ್ದು. ನಮ್ಮವರು ನನ್ನ ಪಕ್ಕದಲ್ಲೇ ನಿಂತಿದ್ದವರು ಗದ್ಗದರಾಗಿ, "ನಮ್ಮೂರು ಥೇಟ್ ಹೀಗೇ ಇತ್ತು" ಎಂದರು. ಆಮೇಲಿನದನ್ನು ಗಡ್ಡದವನು ನೋಡಿಕೊಂಡ.

ಮನೆಗೆ ಬಂದ ಮೇಲೆ ನಾನು ಈ ಇಂಪ್ರೆಷನಿಸಂ ಬಗ್ಗೆ ಓದಿದೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಇತಿಹಾಸ ಹೇಳಿದವಳು ನಾನು, ಯಾವುದರ ಮೇಲಾದರೂ ಸಿಟ್ಟು ಬಂದರೆ ಮೊದಲು ಅದರ ವಿಷಯ ಓದಿಕೊಳ್ಳುವುದು ನನ್ನ ದುರಭ್ಯಾಸ. ಓದಿಕೊಂಡು ಬೈದರೆ ಬೈಗುಳಕ್ಕೆ ತೂಕ ಹೆಚ್ಚು. ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಕೆಲವು ಚಿತ್ರಕಾರರು, ಕೋಣೆಯೊಳಗೆ ಕೂತು ರಾಜರ ಮೀಸೆ ತೀಡಿ ತೀಡಿ ಬೇಸತ್ತು, ಬಣ್ಣದ ಟ್ಯೂಬುಗಳನ್ನು ಜೋಳಿಗೆಗೆ ಹಾಕಿಕೊಂಡು ಹೊರಗೆ ಬಂದರಂತೆ. ಬೆಳಕು ನಮಗಾಗಿ ಕಾಯುವುದಿಲ್ಲ. ಮೂಗು ಕಿವಿ ತಿದ್ದುತ್ತ ಕೂತರೆ ಸಂಜೆಯಾಗಿಬಿಡುತ್ತದೆ. ಹಾಗಾಗಿ ಕಂಡಿದ್ದನ್ನು ಕಂಡ ಹಾಗೆ ಬೇಗ ಬೇಗ ಮೆತ್ತಿದರು. ಅವರ ಮೇಲೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಅವರು ರೈಲ್ವೆ ಸ್ಟೇಷನ್ನಿನ ಹೊಗೆ ಬರೆದರು, ಗಿಜಿಗುಟ್ಟುವ ಪೇಟೆ ಬರೆದರು, ಕುಡಿದು ಕುಣಿಯುವವರನ್ನೂ ಬರೆದರು. ನಮ್ಮ ಬೀದಿ ಬರೆದ ಪುಣ್ಯಾತ್ಮ ಅವರಿಂದ ಮೆತ್ತುವುದನ್ನು ಮಾತ್ರ ಕಲಿತು, ಜನವನ್ನು ಅಲ್ಲೇ ಬಿಟ್ಟು ಬಂದಿದ್ದ.

ಹತ್ತಿರ ಹೋದರೆ ಏನೂ ಇಲ್ಲ, ದೂರ ನಿಂತರೆ ಎಲ್ಲ ಇದೆ ಎನ್ನುವುದೇ ಆ ಶೈಲಿಯ ಗುಟ್ಟಾದರೆ, ನಮ್ಮ ಹಿರಿಯರು ಅದನ್ನು ದೂರದ ಬೆಟ್ಟ ನುಣ್ಣಗೆ ಎಂದು ಎಂದೋ ಹೇಳಿ ಮುಗಿಸಿದ್ದರು, ಚೌಕಟ್ಟು ಹಾಕಿ ಮಾರಲಿಲ್ಲ ಅಷ್ಟೆ. ಇನ್ನು ನೋಟದ ಮಾತು. ನಾನು ಕನ್ನಡಕ ತೆಗೆದರೆ ಇಡೀ ಬನಶಂಕರಿಯೇ ಇಂಪ್ರೆಷನಿಸಂ. ನಮ್ಮ ಅತ್ತೆಗೆ ಪೊರೆ ಬಂದಿದ್ದಾಗ ಜಗತ್ತೆಲ್ಲ ಹೀಗೇ ಮಸುಕು ಮಸುಕಾಗಿ, ಅಂಚಿಲ್ಲದ ಬಣ್ಣವಾಗಿ ಕಾಣುತ್ತಿತ್ತು. ಆಗ ಡಾಕ್ಟರಿಗೆ ದುಡ್ಡು ಕೊಟ್ಟು ಅದನ್ನು ತೆಗೆಸಿದೆವು. ಈಗ ಅದನ್ನೇ ದುಡ್ಡು ಕೊಟ್ಟು ಮನೆಗೆ ತಂದೆವು.

ಅತ್ತೆಯ ಹೆಸರು ಬಂದಿತಲ್ಲ, ಕಥೆ ಇರುವುದೇ ಅಲ್ಲಿ. ಶ್ರೀಕಂಠನವರ ತಾಯಿಗೆ ಈಗ ಎಂಬತ್ತು ದಾಟಿದೆ. ಮಂಡಿ ಸಹಕರಿಸುವುದಿಲ್ಲ, ಮೆಟ್ಟಿಲು ಇಳಿಯುವ ಹಾಗಿಲ್ಲ. ಪೊರೆ ತೆಗೆಸಿದ ಕಣ್ಣು ಮಾತ್ರ ನನ್ನದಕ್ಕಿಂತ ಚುರುಕು. ನಮ್ಮದು ಮೊದಲನೇ ಮಹಡಿ. ನಡುಮನೆಯ ಕಿಟಕಿ ರಸ್ತೆಯ ಕಡೆಗಿದೆ, ಕಿಟಕಿಯ ಪಕ್ಕ ಅವರ ಬೆತ್ತದ ಕುರ್ಚಿ. ಬೆಳಗಿನ ಕಾಫಿ ಮುಗಿಸಿ ಕೂತರೆಂದರೆ ಅವರ ಆಫೀಸು ಶುರು. ಕಸದ ಗಾಡಿ ಹಾಡಿಕೊಂಡು ಬರುವುದು, ಶಾಲೆಯ ವ್ಯಾನು ಹಾರ್ನ್ ಹೊಡೆಯುವುದು, ಜಲಮಂಡಳಿಯವರು ಅಗೆದಿದ್ದನ್ನು ಮುಚ್ಚಿದ ಮಾರನೇ ದಿನ ಕೇಬಲ್ಲಿನವರು ಅಗೆಯುವುದು, ಎಲ್ಲಕ್ಕೂ ಇವರ ಹಾಜರಿ ಬೇಕು. ಸೊಪ್ಪಿನ ರತ್ನಮ್ಮ ಕೆಳಗಿನಿಂದ ಕೂಗಿದರೆ ಇವರು ಹಗ್ಗ ಕಟ್ಟಿದ ಬುಟ್ಟಿಯನ್ನು ಕಿಟಕಿಯಿಂದ ಇಳಿಬಿಡುತ್ತಾರೆ. ದಂಟಿನ ಸೊಪ್ಪಿನ ಜೊತೆಗೆ ಬೀದಿಯ ಸಮಾಚಾರವೂ ಮೇಲೆ ಬರುತ್ತದೆ. ಎದುರುಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಧಾರವಾಡದ ಕಡೆಯ ಹುಡುಗಿ ಆಫೀಸಿಗೆ ಹೊರಟವಳು ಸ್ಕೂಟಿ ನಿಲ್ಲಿಸಿ, "ಅಜ್ಜಿ, ನಾಷ್ಟಾ ಆತೇನ್ರಿ?" ಎಂದು ಕೇಳದೆ ಹೋಗುವುದಿಲ್ಲ. "ಆಯ್ತು ಕಣಮ್ಮ, ಮೆಲ್ಲಗೆ ಹೋಗು, ಮೋರಿ ಹತ್ರ ಗುಂಡಿ ಇದೆ" ಎನ್ನುತ್ತಾರೆ ಇವರು.

ಅಂಥ ಮನೆಗೆ ಈ ಬೀದಿ ಬಂತು. ಎಲ್ಲಿ ನೇತುಹಾಕುವುದೆಂಬ ಚರ್ಚೆಯೇ ಇರಲಿಲ್ಲ. ಹತ್ತಡಿ ದೂರ ಸಿಗುವುದು ನಮ್ಮ ಮನೆಯಲ್ಲಿ ಒಂದೇ ಕಡೆ. ಚಿತ್ರ ಒಳಗೋಡೆಗೆ ಏರಿತು. ಅಳೆದು ನೋಡಿದರೆ, ಅದು ಮುದ್ದೆಯಾಗಿ ಉಳಿಯದೆ ಬೀದಿಯಾಗಿ ಕಾಣುವ ಜಾಗ ಸರಿಯಾಗಿ ಅತ್ತೆಯ ಬೆತ್ತದ ಕುರ್ಚಿ. ಅತ್ತೆ ಕಿಟಕಿಯ ಕಡೆಗಿದ್ದ ಮುಖವನ್ನು ಈ ಕಡೆ ತಿರುಗಿಸಿ, ಒಂದಷ್ಟು ಹೊತ್ತು ನೋಡಿದರು. ಶ್ರೀಕಂಠನವರು ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನಿಂತಿದ್ದರು.

"ಒಲೆ ಹೊಗೆ ಇಲ್ಲ, ನಾಯಿ ಇಲ್ಲ, ಬಾಗಿಲೆಲ್ಲ ಹಾಕಿದೆ" ಎಂದರು ಅತ್ತೆ. "ಹೊರಬೀಡಿನ ದಿನ ಬರೆದಿರ್ಬೇಕು. ಇಲ್ದಿದ್ರೆ ಯಾರೋ ದೊಡ್ಡೋರು ತೀರ್ಕೊಂಡಿದಾರೆ."

ಹೊರಬೀಡು ಎಂದರೆ ಅವರ ಸೀಮೆಯ ಹಳೇ ಪದ್ಧತಿ. ಊರಿಗೆ ಕೇಡು ತಟ್ಟಬಾರದೆಂದು ಒಂದು ದಿನ ಎಲ್ಲರೂ ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ಊರಾಚೆಯ ಹೊಲದಲ್ಲಿ ಅಡುಗೆ ಮಾಡಿ ಉಂಡು, ಹೊತ್ತು ಮುಳುಗಿದ ಮೇಲೆ ವಾಪಸ್ಸು ಬರುವುದು. ಆ ಒಂದು ಹಗಲು ಬೀದಿಯಲ್ಲಿ ನರಪಿಳ್ಳೆ ಇರಬಾರದು. ಅದು ಬಿಟ್ಟರೆ ಊರಿನ ಬೀದಿ ಹೀಗೆ ಬಿಕೋ ಎನ್ನುವುದು ಸಾವಿನ ದಿನ ಮಾತ್ರ ಎಂದು ಅತ್ತೆ ವಿವರಿಸಿದರು. ವಿವರಿಸಿ, ಕಿಟಕಿಯ ಕಡೆಗೆ ತಿರುಗಿ, ತಳ್ಳುಗಾಡಿಯವನಿಗೆ ಸೌತೆಕಾಯಿ ಎಳೆಯದಿದೆಯೇ ಎಂದು ಕೇಳಿದರು. ನಮ್ಮವರ ಮುಖ ನೋಡಿ ನನಗೆ ಪಾಪ ಎನ್ನಿಸಿತು, ಆದರೂ ಒಳಗೆ ಹೋಗಿ ನಕ್ಕುಬಂದೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಗಿರಿನಗರದಿಂದ ನಮ್ಮ ನಾದಿನಿ ವತ್ಸಲ ಬಂದಳು. ದಿನಾ ಬೆಳಿಗ್ಗೆ ಟೀವಿಯಲ್ಲಿ ಬರುವ ವಾಸ್ತುವನ್ನು ಕೇಳಿ ಕೇಳಿ ಅವಳಿಗೆ ಎಂಟು ದಿಕ್ಕೂ ಬಾಯಿಪಾಠ. ಅವಳ ಮನೆಯಲ್ಲಿ ಗ್ಯಾಸ್ ಒಲೆ ಮೂರು ಸಲ ಜಾಗ ಬದಲಿಸಿದೆ. ಒಳಗೆ ಕಾಲಿಟ್ಟವಳು ಚಿತ್ರ ನೋಡಿದಳು, ತಾಯಿಯ ಕುರ್ಚಿ ನೋಡಿದಳು, ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಣ್ಣಾ, ಇದು ವೀಥಿಶೂಲ. ಬೀದಿ ನೇರ ಬಂದು ಅಮ್ಮನಿಗೇ ಗುದ್ತಾ ಇದೆ."

ವೀಥಿಶೂಲ ನಿಮಗೆ ಗೊತ್ತಿರುತ್ತದೆ. ರಸ್ತೆಯೊಂದು ನೆಟ್ಟಗೆ ಬಂದು ಮನೆಯೊಂದರ ಬಾಗಿಲಿಗೇ ಮುಗಿದರೆ, ಆ ರಸ್ತೆಯ ಕೆಟ್ಟದ್ದೆಲ್ಲ ಈಟಿಯ ಹಾಗೆ ಮನೆಗೆ ಚುಚ್ಚುತ್ತದೆಂದು ನಂಬಿಕೆ. ಅದಕ್ಕೇ ನಮ್ಮ ಬಡಾವಣೆಗಳಲ್ಲಿ ಅಂಥ ಮನೆಗಳ ಕಾಂಪೌಂಡಿನಲ್ಲಿ ಒಂದು ಗೂಡು ಮಾಡಿ ರಸ್ತೆಗೆ ಎದುರಾಗಿ ಗಣಪತಿಯನ್ನು ಕೂರಿಸಿರುತ್ತಾರೆ. ಡಾಂಬರು ರಸ್ತೆಯ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ; ಬ್ರೇಕ್ ಹಿಡಿಯದ ಟೆಂಪೋ ಚುಚ್ಚುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಬಣ್ಣದ ಮುದ್ದೆಯ ಬೀದಿಗೂ ಶೂಲವೇ ಎಂದು ಕೇಳಿದೆ.

"ಚಿತ್ರ ಆದ್ರೇನು ಅತ್ತಿಗೆ, ದೃಷ್ಟಿ ದೃಷ್ಟೀನೇ. ಅಮ್ಮನಿಗೆ ಮಂಡಿನೋವು ಜಾಸ್ತಿ ಆಗಿದ್ದು ಯಾವಾಗಿಂದ?"

ಮಂಡಿನೋವು ಇಪ್ಪತ್ತು ವರ್ಷದ ಹಳೆಯದು. ಹಾಗೆಂದು ಹೇಳಿದೆ. "ನೋಡಿ, ಜಾಸ್ತಿ ಆಗ್ತಾನೇ ಇದೆ" ಎಂದಳು. ಇತಿಹಾಸ ಕಲಿತವರು ಇಂಥವರ ಹತ್ತಿರ ಗೆಲ್ಲಲಾರರು.

ನೀವು ಕೇಳಬಹುದು, ಚಿತ್ರವನ್ನೇ ತೆಗೆದು ಬೇರೆ ಕಡೆ ಹಾಕಬಹುದಿತ್ತಲ್ಲ ಎಂದು. ನಾನೂ ಅದನ್ನೇ ಕೇಳಿದೆ. ಬೇರೆ ಕಡೆ ಹತ್ತಡಿ ಸಿಗುವುದಿಲ್ಲವಲ್ಲ. ಆ ಹತ್ತಡಿಗಾಗಿ ಎಂಬತ್ತು ದಾಟಿದ ಜೀವದ ಜಾಗ ಬದಲಿಸಿದರು. ಬೆತ್ತದ ಕುರ್ಚಿ ಒಳಕೋಣೆಗೆ ಹೋಯಿತು. ಒಳಕೋಣೆಗೂ ಕಿಟಕಿ ಇದೆ, ಪಕ್ಕದ ಮನೆಯ ಗೋಡೆಗೆ ಮೂಗು ಒತ್ತಿಕೊಂಡು. ಅಲ್ಲಿಂದ ಕಾಣುವುದು ಒಂದು ನೀರಿನ ಪೈಪು ಮತ್ತು ಒಗೆದ ಬಟ್ಟೆಯ ತುದಿ. "ಅಲ್ಲಿ ಸದ್ದುಗದ್ದಲ ಇಲ್ಲಮ್ಮ, ಆರಾಮಾಗಿರು" ಎಂದರು ಮಗ. ಮಗಳು ತಲೆದಿಂಬು ತಂದು ಬೆನ್ನಿಗಿಟ್ಟಳು. ಅತ್ತೆ "ಸರಿಯಪ್ಪ" ಎಂದರು. ಇಬ್ಬರೂ ಪ್ರೀತಿಯಿಂದಲೇ ಮಾಡಿದರು, ಅದನ್ನು ಒಪ್ಪಬೇಕು. ಪ್ರೀತಿಯಿಂದ ಮಾಡಿದ ಅನ್ಯಾಯಕ್ಕೆ ಜಗಳ ಕಾಯುವುದು ಬಹಳ ಕಷ್ಟ.

ಇಲ್ಲಿಂದ ಮುಂದೆ ನಮ್ಮ ಮನೆ ನಿಜವಾಗಿಯೂ ಆ ಚಿತ್ರದ ಹಾಗಾಯಿತು. ಅತ್ತೆ ಮಾತು ನಿಲ್ಲಿಸಿದರು. ಕೋಪದಿಂದಲ್ಲ, ಆಡಲು ಮಾತು ಇರಲಿಲ್ಲ. ಮೊದಲು ಊಟಕ್ಕೆ ಕೂತರೆ, ಯಾರ ಮನೆ ಕಾರಿಗೆ ಯಾರ ಸ್ಕೂಟರ್ ತಾಗಿತು ಎನ್ನುವುದರಿಂದ ಹಿಡಿದು ಮೂಲೆಮನೆಯ ಮದುವೆ ಮುರಿದದ್ದರವರೆಗೆ ಎಲ್ಲ ಬರುತ್ತಿತ್ತು. ಈಗ ಎರಡು ತುತ್ತು ಉಂಡು ಏಳುತ್ತಿದ್ದರು. ಬುಟ್ಟಿ ಕಿಟಕಿಯ ಸರಳಿಗೆ ಸುಮ್ಮನೆ ನೇತಾಡುತ್ತಿತ್ತು. ಧಾರವಾಡದ ಹುಡುಗಿ ಕೆಳಗಿನಿಂದ, "ಆಂಟಿ, ಅಜ್ಜಿ ಎಲ್ಲಿ ಹೋಗ್ಯಾರ್ರಿ? ಆರಾಮ್ ಅದಾರಿಲ್ಲೋ?" ಎಂದು ಕೇಳಿದಳು. ಗೋಡೆಯ ಮೇಲಿನ ಬೀದಿಯೊಂದು ಅಜ್ಜಿಗೆ ಚುಚ್ಚಿತೆಂದು ನಾನು ಹೇಗೆ ಹೇಳಲಿ? ಇದ್ದಾರೆ ಎಂದೆ.

ಇದರಲ್ಲಿ ಇನ್ನೊಂದು ಚಂದ ಕೇಳಿ. ಚಿತ್ರವು ಚಿತ್ರವಾಗಿ ಕಾಣುವ ಜಾಗ ಆ ಕಿಟಕಿಯ ಪಕ್ಕ ಒಂದೇ. ಆ ಜಾಗದಲ್ಲಿ ಯಾರೂ ಕೂರಬಾರದೆಂದು ವತ್ಸಲಳ ಅಪ್ಪಣೆ. ಹಾಗಾಗಿ ಚಿತ್ರ ಕೊಂಡವರೂ ಅದನ್ನು ಓರೆಯಿಂದ, ಸೋಫಾದ ಮೂಲೆಯಿಂದ, ಬಣ್ಣದ ಮುದ್ದೆಯಾಗಿಯೇ ನೋಡಬೇಕಾಯಿತು. ತಂಗಿ ಇಲ್ಲದಾಗ ಇವರು ಮೆಲ್ಲಗೆ ಕಿಟಕಿಯ ಹತ್ತಿರ ಹೋಗಿ ನಿಂತು, ಕದ್ದು ಸಿಗರೇಟು ಸೇದುವವರಂತೆ ತಮ್ಮೂರನ್ನು ಒಂದು ದಮ್ಮು ನೋಡಿ ಬರುತ್ತಿದ್ದರು. ನೆಮ್ಮದಿಗೆ ಇಷ್ಟೊಂದು ಒದ್ದಾಡಿದ ಮನುಷ್ಯರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಕೊನೆಗೆ ವತ್ಸಲಳೇ ಪರಿಹಾರ ಕಂಡುಹಿಡಿದಳು. ಒಂದು ಭಾನುವಾರ ಹಿತ್ತಾಳೆಯ ಗಣಪತಿಯ ಫಲಕ ತಂದು, ಕಿಟಕಿಯ ಸರಳಿಗೆ, ಚಿತ್ರದ ಬೀದಿಗೆ ಎದುರಾಗಿ ತಂತಿ ಸುತ್ತಿ ಕಟ್ಟಿದಳು. ಗಣಪತಿಯ ಬೆನ್ನು ನಿಜವಾದ ರಸ್ತೆಗೆ, ಮುಖ ಬಣ್ಣದ ರಸ್ತೆಗೆ. ಹೊರಗೆ ಟ್ಯಾಂಕರು, ಬುಲೆಟ್ಟು, ಬೀದಿನಾಯಿ ಎಲ್ಲ ಅವನ ಬೆನ್ನಿಗೇ ಹಾಯುತ್ತಿದ್ದವು. ಅವುಗಳನ್ನೆಲ್ಲ ಬಿಟ್ಟು ಒಂದು ಹುಳ ಕೂಡ ಹರಿಯದ ಬೀದಿಯನ್ನು ತಡೆಯಲು ಅವನನ್ನು ಕಾವಲಿಗೆ ನಿಲ್ಲಿಸಿದ್ದಾಯಿತು.

ಪೂಜೆಯ ಗಂಟೆಯ ಸದ್ದು ಕೇಳಿ ಅತ್ತೆ ಕೋಲೂರಿಕೊಂಡು ಹೊರಗೆ ಬಂದರು. ಗಣಪತಿಗೆ ಕೈ ಮುಗಿದರು.

"ಇವನಿಗೆ ಚುಚ್ಚಲ್ವೇನೇ?" ಎಂದು ಮಗಳನ್ನು ಕೇಳಿದರು.

"ದೇವರು ಕಣಮ್ಮ. ತಡ್ಕೋತಾನೆ."

"ಅವನು ತಡ್ಕೊಂಡ್ರೆ ನಾನು ಅವನ ಪಕ್ಕ ಕೂತ್ಕೋಬಹುದಲ್ಲ."

"ಒಂದು ಮಂಡಲ ಆಗ್ಲಿ ಅಮ್ಮ. ನಲವತ್ತೆಂಟು ದಿನ ಪೂಜೆ ಆದ್ಮೇಲೇ ಶಕ್ತಿ ಬರೋದು."

ಅತ್ತೆ ತಿರುಗಿ ಚಿತ್ರದ ಹತ್ತಿರಕ್ಕೆ ಹೋದರು. ಎಷ್ಟು ಹತ್ತಿರ ಹೋಗಬಾರದೆಂದು ಗಡ್ಡದವನು ಹೇಳಿದ್ದನೋ ಅದಕ್ಕಿಂತ ಹತ್ತಿರ.

"ಶ್ರೀಕಂಠ, ನಮ್ಮೂರು ಹೀಗೇ ಇತ್ತು ಅಂತೀಯಲ್ಲ. ಇದ್ರಲ್ಲಿ ನಮ್ಮನೆ ಯಾವ್ದೋ?"

ಇವರಿಗೆ ಸಂತೋಷವಾಗಿಬಿಟ್ಟಿತು. ಅಮ್ಮ ಕೊನೆಗೂ ಚಿತ್ರಕ್ಕೆ ಒಲಿದರೆಂದು ಎದ್ದು ಬಂದು ಬೆರಳಿಟ್ಟು ತೋರಿಸಿದರು. "ಇದೇ ಅಮ್ಮ, ಎಡಗಡೆ ಎರಡನೇದು. ಬಾಗಿಲು ನೋಡು, ನಮ್ಮನೇದೇ ಥರ."

"ಆ ಬಾಗಿಲ ಹಿಂದೆ ಯಾರಿದಾರೆ?"

"ಯಾರಿರ್ತಾರಮ್ಮ, ಬರೀ ಬಣ್ಣ."

"ನಾನಿದೀನಿ ಕಣೋ" ಎಂದರು ಅತ್ತೆ. "ಮದುವೆ ಆಗಿ ಬಂದೋಳು ನಿನ್ನನ್ನ ಎತ್ಕೊಂಡು ಲಾರಿ ಹತ್ತೋವರೆಗೂ ಆ ಬಾಗಿಲ ಹಿಂದೇನೇ ಇದ್ದೆ. ಬೀದಿ ನೋಡೋ ಸೊಸೆ ಮನೆ ಹಾಳುಮಾಡ್ತಾಳೆ ಅನ್ನೋರು ನಿಮ್ಮಜ್ಜಿ. ಬಾಗಿಲ ಸಂದೀಲಿ ಬೆರಳಗಲ ಬೀದಿ ಕಾಣೋದು, ಅಷ್ಟೇ. ಪಕ್ಕದ ಬಾಗಿಲ ಹಿಂದೆ ಸಾವಿತ್ರಿ. ಅದರ ಪಕ್ಕ ನರಸಮ್ಮ, ಅವಳು ಹೇಗಿದ್ಲು ಅಂತ ಕೊನೇವರೆಗೂ ಸರಿಯಾಗಿ ನೋಡ್ಲೇ ಇಲ್ಲ ನಾನು. ಎಲ್ಲಾರನ್ನೂ ಒಳಗೆ ಹಾಕಿದ್ರೆ ಬೀದಿ ಹೀಗೇ ಇರತ್ತೆ. ಸದ್ದಿಲ್ದೆ, ಚೆನ್ನಾಗಿ." ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂದು ಹೇಳುವ ದನಿಯಲ್ಲೇ ಮುಂದುವರಿಸಿದರು. "ಬೀದಿ ಅಂತ ನಾನು ನೋಡಿದ್ದು ಈ ಊರಿಗೆ ಬಂದ್ಮೇಲೆ. ಈಗ ಮತ್ತೆ ಒಳಗೆ ಕೂರ್ಸಿದೀರಿ."

ಈ ಚಿತ್ರವನ್ನು ಹಂಗಿಸಲು ಫ್ರಾನ್ಸಿನವರೆಗೆ ಹೋಗಿಬಂದ ನನಗೆ, ಎಡಗಡೆಯ ಎರಡನೇ ಬಾಗಿಲಿನ ಹಿಂದೆ ಯಾರಾದರೂ ಇರಬಹುದೆಂದು ಹೊಳೆದಿರಲಿಲ್ಲ. ಶ್ರೀಕಂಠನವರು ಯಾರ ಮುಖವನ್ನೂ ನೋಡದೆ ಒಳಕೋಣೆಗೆ ಹೋದರು. ಬೆತ್ತದ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು, ಗಣಪತಿಯ ಪಕ್ಕದಲ್ಲಿ, ಮೊದಲಿದ್ದ ಜಾಗಕ್ಕೆ ಸರಿಯಾಗಿ ಇಟ್ಟರು. ನೆಲದ ಮೇಲೆ ಅದರ ಕಾಲಿನ ಗುರುತು ಇನ್ನೂ ಇತ್ತು. ಅತ್ತೆ ಕೂರಲಿಲ್ಲ. ಕೋಲಿನಿಂದ ಕುರ್ಚಿಯ ಕಾಲನ್ನು ತಟ್ಟಿದರು.

"ಅಲ್ಲಲ್ಲ, ಇನ್ನೊಂಚೂರು ಎಡಕ್ಕೆ ಹಾಕು. ಇಲ್ಲಿ ಟ್ರಾನ್ಸ್‌ಫಾರ್ಮರ್ ಅಡ್ಡ ಬರತ್ತೆ, ರಸ್ತೆ ತಿರುವು ಕಾಣಲ್ಲ."

ಇವರು ಎಡಕ್ಕೆ ಸರಿಸಿದರು. ಈ ಮನೆ ಕಟ್ಟಿದಾಗಿನಿಂದ ಆ ಕುರ್ಚಿ ಅಲ್ಲೇ ಇತ್ತು, ಅತ್ತೆ ದಿನಾ ಅದರಲ್ಲೇ ಕೂರುತ್ತಿದ್ದರು, ಟ್ರಾನ್ಸ್‌ಫಾರ್ಮರ್ ದಿನಾ ಅಡ್ಡ ಬರುತ್ತಿತ್ತು. ಎಲ್ಲಿ ಹಾಕಲಿ ಎಂದು ನಮ್ಮಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ.